ಎದೆ ಮುಟ್ಟಿಕೊಂಡು ಹೇಳುವ ಮಾತು

(ಇತ್ತೀಚೆಗೆ ಕೊಟ್ಟ ಒಂದು ಉಪನ್ಯಾಸದ ಬರಹ ರೂಪ ಇದು. ಮಾತಿನಲ್ಲಿ ಬಂದದ್ದನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಬಾಯಿತಪ್ಪಿ ಹೇಳಿದ್ದ ಒಂದೆರಡು ಇಸವಿಗಳನ್ನು ಮಾತ್ರ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋದ ವರ್ಷ ಬೀರು ಖಾಲಿ ಮಾಡುವಾಗ ನನ್ನದೇ ಒಂದು ಹಳೆಯ ನೋಟ್‌ಬುಕ್ ಸಿಕ್ಕಿತು. ಒಂಬತ್ತು ವರ್ಷ ಹಿಂದಿನದು. ಆಗ ನಾನು ಒಂದು ಸಂಸ್ಥೆಯ ಸಂದರ್ಶನ ಸಮಿತಿಯಲ್ಲಿ ಕೂತಿದ್ದೆ. ಇದ್ದದ್ದು ಒಂದೇ ಹುದ್ದೆ. ಕೊನೆಯ ಸುತ್ತಿಗೆ ಬಂದವರು ಇಬ್ಬರು. ಅವರ ಬಗ್ಗೆ ಪೆನ್ಸಿಲ್ಲಿನಲ್ಲಿ ಗೀಚಿಕೊಂಡಿದ್ದು ಎದುರುಬದುರು ಪುಟಗಳಲ್ಲಿತ್ತು.

ಎಡಗಡೆ ಪುಟದಲ್ಲಿ ಹೀಗೆ ಬರೆದಿದ್ದೆ: 'ಪ್ರಶ್ನೆ ಕೇಳಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು ಉತ್ತರ ಕೊಡುತ್ತಾರೆ. ಯೋಚಿಸಿ ಮಾತಾಡುವ ಸ್ವಭಾವ.' ಬಲಗಡೆ ಪುಟದಲ್ಲಿ: 'ಪ್ರತಿ ಪ್ರಶ್ನೆಗೂ ತಡವರಿಸುತ್ತಾರೆ. ವಿಷಯದ ಮೇಲೆ ಹಿಡಿತ ಸಾಲದು.'

ಇಬ್ಬರೂ ಮಾಡಿದ್ದು ಒಂದೇ ಕೆಲಸ. ಪ್ರಶ್ನೆ ಕೇಳಿದ ತಕ್ಷಣ ಬಾಯಿ ತೆರೆಯಲಿಲ್ಲ, ಅಷ್ಟೇ.

ಇನ್ನೂ ಕೆಳಗೆ ಓದಿದೆ. ಎಡಗಡೆ: 'ಅನುಭವ ಕಡಿಮೆ. ಆದರೆ ಬೇಗ ಕಲಿಯುತ್ತಾರೆ.' ಬಲಗಡೆ: 'ಅನುಭವ ಜಾಸ್ತಿ. ಆದರೆ ಹೊಸ ಪದ್ಧತಿಗೆ ಒಗ್ಗುವುದು ಕಷ್ಟವಾಗಬಹುದು.' ಒಬ್ಬರ ಕೊರತೆಗೆ ನಾನೇ ಒಂದು ಸಮಾಧಾನ ಹುಡುಕಿದ್ದೆ. ಇನ್ನೊಬ್ಬರ ಗುಣಕ್ಕೆ ನಾನೇ ಒಂದು ಅನುಮಾನ ಅಂಟಿಸಿದ್ದೆ. ಎಡಗಡೆ ಪುಟದ ತುತ್ತತುದಿಯಲ್ಲಿ, ಸಂದರ್ಶನ ಶುರುವಾಗುವ ಮೊದಲು ಅರ್ಜಿ ನೋಡಿ ಬರೆದಿದ್ದ ಎರಡು ಪದಗಳಿದ್ದವು: 'ನಮ್ಮ ಕಾಲೇಜು!' ಆಶ್ಚರ್ಯಸೂಚಕ ಚಿಹ್ನೆಯೂ ಸೇರಿ.

ಕೆಲಸ ಯಾರಿಗೆ ಸಿಕ್ಕಿತು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಆ ಸಂಜೆ ಯಾರಾದರೂ ನನ್ನನ್ನು ತಡೆದು, 'ನಿಮ್ಮ ಕಾಲೇಜಿನವರು ಅಂತ ಒಲವು ತೋರಿಸಿದಿರಾ?' ಅಂತ ಕೇಳಿದ್ದರೆ ನನಗೆ ಕೋಪ ಬರುತ್ತಿತ್ತು. 'ಎದೆ ಮುಟ್ಟಿಕೊಂಡು ಹೇಳ್ತೀನಿ, ಇಲ್ಲ' ಅನ್ನುತ್ತಿದ್ದೆ. ಅದು ಸುಳ್ಳೂ ಆಗಿರುತ್ತಿರಲಿಲ್ಲ. ಆವತ್ತು ನನ್ನೊಳಗೆ ನಾನು ಇಣುಕಿ ನೋಡಿದ್ದರೆ ಕಾಣುತ್ತಿದ್ದುದು ಎರಡು ಅರ್ಜಿ, ಎರಡು ಸಂದರ್ಶನ, ಮತ್ತು ಶ್ರದ್ಧೆಯಿಂದ ತೂಗಿ ನೋಡುತ್ತಿರುವ ನಾನು. ಕಾಲೇಜಿನ ಹೆಸರು ಅಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಪಕ್ಷಪಾತದ ಬಗ್ಗೆ ಅಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯ. ಎದೆ ಮುಟ್ಟಿಕೊಂಡಾಗ ಕೈಗೆ ಏನು ಸಿಗುತ್ತದೆ, ಅದರ ಬಗ್ಗೆ.

ನಮ್ಮ ಭಾಷೆಯಲ್ಲಿ ಮನಸ್ಸಾಕ್ಷಿ ಅನ್ನುವ ಪದ ಇದೆ. ಮನಸ್ಸೇ ಸಾಕ್ಷಿ. ಆದರೆ ಮೊಕದ್ದಮೆ ನಡೆಯುತ್ತಿರುವುದೂ ಆ ಮನಸ್ಸಿನ ಮೇಲೇ. ಆರೋಪಿಯನ್ನೇ ಕಟಕಟೆಗೆ ಕರೆದು, 'ನೀನೇ ಸಾಕ್ಷಿ ಹೇಳಪ್ಪಾ' ಅಂದ ಹಾಗೆ. ಆ ಆರೋಪಿ ಪ್ರಾಮಾಣಿಕನೇ ಅಂತ ಇಟ್ಟುಕೊಳ್ಳೋಣ. ಆದರೂ ಅವನಿಗೆ ನಡೆದದ್ದು ಗೊತ್ತೇ ಇಲ್ಲದಿದ್ದರೆ?

1977ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ತಿಮೊತಿ ವಿಲ್ಸನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಒಂದು ಸಣ್ಣ ಪ್ರಯೋಗ ಬರುತ್ತದೆ. ಒಂದು ಅಂಗಡಿಯಲ್ಲಿ ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟರು. ಬಂದವರಿಗೆ 'ಇದರಲ್ಲಿ ಯಾವುದು ಚೆನ್ನಾಗಿದೆ ಹೇಳಿ' ಅಂದರು. ಜನ ಮುಟ್ಟಿ ನೋಡಿದರು, ಎಳೆದು ನೋಡಿದರು, ಆರಿಸಿದರು. ಎಡತುದಿಯದನ್ನು ಆರಿಸಿದವರು ನೂರಕ್ಕೆ 12. ಬಲತುದಿಯದನ್ನು ಆರಿಸಿದವರು ನೂರಕ್ಕೆ 40. ಯಾಕೆ ಅಂತ ಕೇಳಿದಾಗ ನೇಯ್ಗೆ ಚೆನ್ನಾಗಿದೆ, ನಯವಾಗಿದೆ ಅನ್ನುವ ಥರದ ಕಾರಣ ಕೊಟ್ಟರು.

ನಾಲ್ಕೂ ಜೊತೆ ಒಂದೇ ಮಾಲು. ಒಂದಕ್ಕೂ ಇನ್ನೊಂದಕ್ಕೂ ಎಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಆಯ್ಕೆ ಬಲಗಡೆಗೆ ವಾಲಿದ್ದು ಇಟ್ಟ ಜಾಗದಿಂದ.

ಪ್ರಯೋಗದವರು ನೇರವಾಗಿಯೇ ಕೇಳಿದರು: 'ಇಟ್ಟ ಜಾಗದಿಂದ ನಿಮ್ಮ ಆಯ್ಕೆ ಬದಲಾಗಿರಬಹುದಾ?' ಹೆಚ್ಚುಕಡಿಮೆ ಎಲ್ಲರೂ ಇಲ್ಲ ಅಂದರು. ಕೇಳಿದವನಿಗೆ ತಲೆ ಸರಿ ಇದೆಯೋ ಇಲ್ಲವೋ ಅನ್ನುವಂತೆ ಕಳವಳದಿಂದ ನೋಡಿದರು ಅಂತ ಪ್ರಬಂಧದಲ್ಲೇ ಬರೆದಿದ್ದಾರೆ. ನನಗೆ ಆ ನೋಟ ಅರ್ಥವಾಗುತ್ತದೆ. ನನ್ನ ಸಂದರ್ಶನದ ದಿನ ಯಾರಾದರೂ ಕೇಳಿದ್ದರೆ ನಾನೂ ಹಾಗೇ ನೋಡುತ್ತಿದ್ದೆ.

ಇಲ್ಲಿ ಒಂದು ಮಾತು. ಅವರು ಕೊಟ್ಟ ಕಾರಣ ಪೂರ್ತಿ ಕಟ್ಟುಕಥೆ. ಆದರೆ ಅದನ್ನು ಕಟ್ಟಿದ್ದು ಅವರಿಗೇ ಗೊತ್ತಾಗಲಿಲ್ಲ. ಕಾರಣ ಹುಡುಕಲು ಒಳಗೆ ಇಳಿದರು, ನೇಯ್ಗೆ ಸಿಕ್ಕಿತು, ಎತ್ತಿಕೊಂಡು ಬಂದರು. ಸಿಕ್ಕಿದ್ದು ನಿಜವಾದ ಕಾರಣವೋ ಅಥವಾ ಕಾರಣದ ಹಾಗೆ ಕಾಣುವ ಇನ್ನೇನೋ ಅಂತ ತಿಳಿಯುವುದಕ್ಕೆ ಒಳಗಿನಿಂದ ಯಾವ ಗುರುತೂ ಇರುವುದಿಲ್ಲ.

ಬೇರೆಯವರ ವಿಷಯದಲ್ಲಿ ಮಾತ್ರ ನಾವು ಇಷ್ಟು ಉದಾರಿಗಳಲ್ಲ. ನಮ್ಮ ಗಾದೆ ಇದೆಯಲ್ಲ: ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣವೇ ಕಣ್ಣಿಗೆ ಬೀಳುತ್ತದೆ. ಈ ಗಾದೆಯನ್ನು ಅಳೆದು ನೋಡಿದವರೂ ಇದ್ದಾರೆ. 2002ರಲ್ಲಿ ಎಮಿಲಿ ಪ್ರೋನಿನ್, ಡೇನಿಯಲ್ ಲಿನ್ ಮತ್ತು ಲೀ ರಾಸ್ ಅನ್ನುವವರು ಒಂದಷ್ಟು ಜನರಿಗೆ ಎಂಟು ಬಗೆಯ ಪಕ್ಷಪಾತಗಳನ್ನು ವಿವರಿಸಿದರು. ಗೆದ್ದರೆ ನನ್ನ ಸಾಮರ್ಥ್ಯ, ಸೋತರೆ ಪರಿಸ್ಥಿತಿ ಅನ್ನುವುದು, ಅಂಥವು. ಇವು ಸಾಮಾನ್ಯ ಜನರಲ್ಲಿ ಎಷ್ಟಿವೆ, ನಿಮ್ಮಲ್ಲಿ ಎಷ್ಟಿವೆ ಅಂತ ಕೇಳಿದರು. ಜನರಲ್ಲಿ ಸಾಕಷ್ಟಿವೆ, ನನ್ನಲ್ಲಿ ಅಷ್ಟಿಲ್ಲ ಅನ್ನುವ ಉತ್ತರ ಬಂತು. ಇದಕ್ಕೆ ಅವರು ಪಕ್ಷಪಾತದ ಕುರುಡು ಚುಕ್ಕೆ ಅಂತ ಹೆಸರಿಟ್ಟರು.

ಪ್ರಯೋಗದ ಇನ್ನೊಂದು ಭಾಗ ನನಗೆ ಇನ್ನೂ ಇಷ್ಟ. ಜನ ತಮ್ಮ ಗುಣಗಳಿಗೆ ತಾವೇ ಅಂಕ ಕೊಟ್ಟುಕೊಂಡ ಮೇಲೆ ಅವರಿಗೆ ಹೇಳಿದರು: 'ನೋಡಿ, ತನ್ನನ್ನು ತಾನು ಸರಾಸರಿಗಿಂತ ಮೇಲೆ ಅಂದುಕೊಳ್ಳುವುದು ಎಲ್ಲರಿಗೂ ಇರುವ ದೋಷ. ಈಗ ಹೇಳಿ, ನೀವು ಕೊಟ್ಟುಕೊಂಡ ಅಂಕ ಸರಿಯಾಗಿದೆಯಾ?' ಹೆಚ್ಚಿನವರು ಸರಿಯಾಗಿದೆ ಅಂದರು. ಕೆಲವರಂತೂ 'ಸ್ವಲ್ಪ ಸಂಕೋಚದಿಂದ ಕಡಿಮೆ ಕೊಟ್ಟುಕೊಂಡೆ' ಅಂದರು.

(ಸಭೆಯಲ್ಲಿ ಇಲ್ಲಿ ಎಲ್ಲರೂ ನಕ್ಕರು. ನಗುತ್ತಿದ್ದವರಲ್ಲಿ ಎಷ್ಟು ಜನ ತಮ್ಮನ್ನು ನೆನೆಸಿಕೊಂಡು ನಕ್ಕಿರಬಹುದು ಅಂತ ಕೇಳಿದೆ. ನಗು ಸ್ವಲ್ಪ ತಗ್ಗಿತು.)

ಕುರುಡು ಚುಕ್ಕೆ ನಮ್ಮ ಕಣ್ಣಿನಲ್ಲೂ ಇದೆ. ಈಗ ನಿಮ್ಮ ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ಎತ್ತಿ ಹಿಡಿಯಿರಿ. ಎರಡೂ ಬೆರಳು ಅಕ್ಕಪಕ್ಕ ಇರಲಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ನೋಡುತ್ತಾ ಇರಿ. ಬಲಗೈಯನ್ನು ಮೆಲ್ಲಗೆ ಬಲಕ್ಕೆ ಸರಿಸಿ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ ಹೆಬ್ಬೆರಳಿನ ತುದಿ ಮಾಯವಾಗುತ್ತದೆ. ಕಣ್ಣಿನ ನರ ಹೊರಗೆ ಹೋಗುವ ಜಾಗ ಅದು, ಅಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಬೆರಳು ಹೋದದ್ದನ್ನು ಬಿಡಿ. ಅದು ಇದ್ದ ಜಾಗದಲ್ಲಿ ಏನು ಕಾಣುತ್ತಿದೆ? ಕಪ್ಪು ತೂತು ಕಾಣುತ್ತಿದೆಯಾ? ಇಲ್ಲ. ಹಿಂದಿನ ಗೋಡೆ ಕಾಣುತ್ತಿದೆ. ಮಿದುಳು ಅಕ್ಕಪಕ್ಕದ ಬಣ್ಣ ತೆಗೆದುಕೊಂಡು ತೇಪೆ ಹಾಕಿದೆ. ತೇಪೆ ಎಷ್ಟು ಚೆನ್ನಾಗಿದೆಯೆಂದರೆ, ಇಷ್ಟು ವರ್ಷ ಒಂದು ದಿನವೂ ನಿಮಗೆ ಅನುಮಾನ ಬಂದಿಲ್ಲ.

ಬೇರೆಯವರಲ್ಲಿ ಕಾಣುವ ಪಕ್ಷಪಾತ ನಮ್ಮಲ್ಲಿ ಕಾಣದೇ ಇರುವುದಕ್ಕೆ ಪ್ರೋನಿನ್ ಕೊಡುವ ವಿವರಣೆ ಸರಳ. ಬೇರೆಯವರನ್ನು ನಾವು ಅಳೆಯುವುದು ಅವರು ಮಾಡಿದ ಕೆಲಸದಿಂದ, ಯಾಕೆಂದರೆ ಅದಷ್ಟೇ ಕಾಣುತ್ತದೆ. ನಮ್ಮನ್ನು ಅಳೆದುಕೊಳ್ಳುವಾಗ ಕೆಲಸ ಬಿಟ್ಟು ಒಳಗೆ ನೋಡಿಕೊಳ್ಳುತ್ತೇವೆ. ಒಳಗೆ ಕೆಟ್ಟ ಉದ್ದೇಶ ಸಿಗುವುದಿಲ್ಲ. ಹಾಗಾಗಿ ನಾನು ಶುದ್ಧ.

ವೈದ್ಯರ ಮೇಲೆ ನಡೆದ ಒಂದು ಸಮೀಕ್ಷೆ ಇದಕ್ಕೆ ಸರಿಯಾದ ಉದಾಹರಣೆ. 2001ರಲ್ಲಿ ಪ್ರಕಟವಾದದ್ದು, ಅಮೆರಿಕದ ತರಬೇತಿ ವೈದ್ಯರನ್ನು ಕೇಳಿದ್ದು. ಔಷಧ ಕಂಪನಿಗಳ ಪ್ರಚಾರ, ಉಡುಗೊರೆಗಳಿಂದ ನೀವು ಬರೆದುಕೊಡುವ ಔಷಧಿ ಬದಲಾಗುತ್ತದಾ? ಇಲ್ಲ ಅಂದವರು ನೂರಕ್ಕೆ 61. ಬೇರೆ ವೈದ್ಯರದ್ದು? ಅವರ ಮೇಲೂ ಪ್ರಭಾವ ಇಲ್ಲ ಅಂದವರು ನೂರಕ್ಕೆ 16. ಎಲ್ಲರಿಗೂ ಪಕ್ಕದ ಕೊಠಡಿಯವರ ಚಿಂತೆ.

ಇದೆಲ್ಲ ಕಾಲುಚೀಲ, ಪೆನ್ನು, ಪ್ಯಾಡುಗಳ ಮಟ್ಟದ ಮಾತು ಅನ್ನಿಸಬಹುದು. ಪರಿಣತರು ಹಾಗಲ್ಲ, ವರ್ಷಗಟ್ಟಲೆ ತರಬೇತಿ ಪಡೆದವರು ಹೀಗೆ ಎಡವುವುದಿಲ್ಲ ಅಂತ ನನಗೂ ಅನ್ನಿಸುತ್ತಿತ್ತು. ಅದಕ್ಕೇ ಮುಂದಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2004ರ ಮಾರ್ಚ್ 11. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಬೆಳಗಿನ ರೈಲುಗಳಲ್ಲಿ ಬಾಂಬ್ ಸ್ಫೋಟ. 190ಕ್ಕೂ ಹೆಚ್ಚು ಜನ ಸತ್ತರು. ಒಂದು ವ್ಯಾನಿನಲ್ಲಿ ಪೊಲೀಸರಿಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು, ಒಳಗೆ ಡಿಟೊನೇಟರ್‌ಗಳು. ಚೀಲದ ಮೇಲೆ ಒಂದು ಬೆರಳಚ್ಚು. ಅದರ ಚಿತ್ರ ಅಮೆರಿಕದ ಎಫ್‌ಬಿಐಗೂ ಹೋಯಿತು. ಕಂಪ್ಯೂಟರ್ ತನ್ನ ಕಣಜದಿಂದ ಹತ್ತಿರ ಹೋಲುವ 20 ಅಚ್ಚುಗಳನ್ನು ತೆಗೆದುಕೊಟ್ಟಿತು. ಅದರಲ್ಲಿ ನಾಲ್ಕನೆಯದು ಆರೆಗಾನ್ ರಾಜ್ಯದ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಅವರದ್ದು. ಒಬ್ಬ ಪರಿಣತ ನೋಡಿ ಇದೇ ಅಂದ. ಎರಡನೆಯವನೂ ಅದನ್ನೇ ಹೇಳಿದ, ಮೂರನೆಯವನೂ ಹೇಳಿದ. ಆಮೇಲೆ ನ್ಯಾಯಾಲಯ ನೇಮಿಸಿದ ಸ್ವತಂತ್ರ ಪರಿಣತನೂ ತಲೆಯಾಡಿಸಿದ.

ಏಪ್ರಿಲ್‌ನಲ್ಲೇ ಸ್ಪೇನಿನ ಪೊಲೀಸರು ಇದು ಹೊಂದುವುದಿಲ್ಲ ಅಂತ ತಿಳಿಸಿದ್ದರು. ಎಫ್‌ಬಿಐ ತನ್ನ ಮಾತಿಗೇ ಅಂಟಿಕೊಂಡಿತು. ಮೇ 6ರಂದು ಮೇಫೀಲ್ಡ್ ಬಂಧನವಾಯಿತು. ಎರಡು ವಾರ ಆದ ಮೇಲೆ ಸ್ಪೇನಿನವರು ಆ ಅಚ್ಚು ಒಬ್ಬ ಅಲ್ಜೀರಿಯನ್ನನದು ಅಂತ ಪತ್ತೆ ಮಾಡಿದರು. ಮೇಫೀಲ್ಡ್ ಬಿಡುಗಡೆಯಾದರು. ಎಫ್‌ಬಿಐ ಕ್ಷಮೆ ಕೇಳಿತು, 2006ರಲ್ಲಿ 20 ಲಕ್ಷ ಡಾಲರ್ ಪರಿಹಾರಕ್ಕೆ ಸರ್ಕಾರ ಒಪ್ಪಿತು.

ಆಮೇಲೆ ಅಮೆರಿಕದ ನ್ಯಾಯ ಇಲಾಖೆಯ ತನಿಖಾ ವಿಭಾಗ ಒಂದು ದೊಡ್ಡ ವರದಿ ಕೊಟ್ಟಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಒಂದು ವಿವರ. ಎರಡು ಅಚ್ಚುಗಳಲ್ಲಿ ನಿಜಕ್ಕೂ ಒಂದಷ್ಟು ಹೋಲಿಕೆ ಇತ್ತು, ಅಪರೂಪದ ಹೋಲಿಕೆ. ಅಷ್ಟು ಸಿಕ್ಕ ಮೇಲೆ ಪರಿಣತರು ಹಿಂದುಮುಂದಾಗಿ ಕೆಲಸ ಶುರು ಮಾಡಿದರು. ಮೇಫೀಲ್ಡ್ ಅವರ ಸ್ಪಷ್ಟ ಅಚ್ಚಿನಲ್ಲಿ ಒಂದು ಗೆರೆ ಕಂಡರೆ, ಚೀಲದ ಮೇಲಿನ ಮಸುಕು ಅಚ್ಚಿನಲ್ಲೂ ಅದನ್ನು ಹುಡುಕಿದರು. ಹುಡುಕಿದಾಗ ಸಿಕ್ಕಿತು! ಇಲ್ಲದ ಗೆರೆಗಳು ಕಂಡವು. ಹೊಂದದೇ ಇದ್ದ ಕಡೆ ಎರಡು ಸಲ ಮುಟ್ಟಿರಬೇಕು ಅಂತ ಸಮಾಧಾನ ಹೇಳಿಕೊಂಡರು. ನನ್ನ ನೋಟ್‌ಬುಕ್ಕಿನ 'ಆದರೆ ಬೇಗ ಕಲಿಯುತ್ತಾರೆ' ನೆನಪಿದೆ ತಾನೇ?

ಮೇಫೀಲ್ಡ್ ಇಸ್ಲಾಂ ಧರ್ಮಕ್ಕೆ ಸೇರಿದವರು. ಮೊದಲ ಸಲ ಅಚ್ಚು ಹೊಂದಿಸಿದಾಗ ಪರಿಣತರಿಗೆ ಇದು ಗೊತ್ತಿರಲಿಲ್ಲ ಅನ್ನುತ್ತದೆ ವರದಿ. ಗೊತ್ತಾದ ಮೇಲೆ, ಸ್ಪೇನಿನಿಂದ 'ಇಲ್ಲ' ಅಂತ ಬಂದಾಗ, ಮತ್ತೊಮ್ಮೆ ತೆರೆದ ಮನಸ್ಸಿನಿಂದ ನೋಡದೇ ಇದ್ದುದಕ್ಕೆ ಅದೂ ಒಂದು ಕಾರಣವಾಗಿರಬಹುದು ಅನ್ನುತ್ತದೆ. ಅವರಲ್ಲಿ ಯಾರನ್ನು ಕೇಳಿದರೂ 'ನಾನು ನೋಡಿದ್ದು ಗೆರೆಗಳನ್ನು ಮಾತ್ರ' ಅಂದಿರುತ್ತಿದ್ದರು. ಅವರನ್ನು ನಾನು ನಂಬುತ್ತೇನೆ ಕೂಡ.

ಈ ಪ್ರಕರಣ ಇಟಿಯಲ್ ಡ್ರೋರ್ ಅನ್ನುವ ಸಂಶೋಧಕರಿಗೆ ಒಂದು ಉಪಾಯ ಕೊಟ್ಟಿತು. ಅವರು ಐದು ಜನ ಅನುಭವಿ ಬೆರಳಚ್ಚು ಪರಿಣತರನ್ನು ಆರಿಸಿಕೊಂಡರು. ಪ್ರತಿಯೊಬ್ಬರ ಮುಂದೆ ಒಂದು ಜೊತೆ ಅಚ್ಚು ಇಟ್ಟು, 'ಇದು ಮ್ಯಾಡ್ರಿಡ್ ಕೇಸಿನಲ್ಲಿ ತಪ್ಪಾಗಿ ಹೊಂದಿಸಿದ ಅಚ್ಚು. ಆ ವಿಷಯ ಮನಸ್ಸಿಗೆ ಹಚ್ಚಿಕೊಳ್ಳದೆ ಅಚ್ಚನ್ನಷ್ಟೇ ನೋಡಿ ಹೇಳಿ' ಅಂದರು. ನಿಜದಲ್ಲಿ ಅದು ಮ್ಯಾಡ್ರಿಡ್‌ನ ಅಚ್ಚಲ್ಲ. ಐದು ವರ್ಷ ಹಿಂದೆ ಅದೇ ಪರಿಣತ ಕೆಲಸದ ಮೇಲೆ 'ಹೊಂದುತ್ತದೆ' ಅಂತ ಸಹಿ ಹಾಕಿದ್ದ ಅಚ್ಚು. ಈಗ ಮೂವರು 'ಹೊಂದುವುದಿಲ್ಲ' ಅಂದರು. ಒಬ್ಬರು 'ಹೇಳಲಾಗದು' ಅಂದರು. ಒಬ್ಬರು ಮಾತ್ರ ಹಳೆಯ ಮಾತಿಗೆ ನಿಂತರು. ಐದೇ ಜನ, ಸಣ್ಣ ಪ್ರಯೋಗ, ನಿಜ. ಆದರೆ ಅದೇ ಕಣ್ಣು, ಅದೇ ಅಚ್ಚು. ಬದಲಾಗಿದ್ದು ಕಿವಿಗೆ ಬಿದ್ದ ಒಂದು ಸಾಲು.

ಮುಂದೆ 2017ರಲ್ಲಿ 21 ದೇಶಗಳ 403 ವಿಧಿವಿಜ್ಞಾನ ಪರಿಣತರ ಸಮೀಕ್ಷೆ ಬಂತು. ಈ ಕ್ಷೇತ್ರದಲ್ಲಿ ಇಂಥ ಪಕ್ಷಪಾತ ಚಿಂತೆಯ ವಿಷಯ ಅಂತ ಹೆಚ್ಚಿನವರು ಒಪ್ಪಿದರು. 'ನಿಮ್ಮ ತೀರ್ಪಿನಲ್ಲಿ?' ಅಂದಾಗ ಹೌದು ಅಂದವರು ಸುಮಾರು ಕಾಲು ಭಾಗ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ, 'ನಾನು ನಿಷ್ಪಕ್ಷಪಾತಿ ಅನ್ನುವ ನಂಬಿಕೆ ಸುಳ್ಳಿರಬಹುದು, ಆದರೆ ಅದರಿಂದ ನಷ್ಟ ಏನು?' ಅಂತ ನೀವು ಕೇಳಬಹುದು. ನಷ್ಟ ಇದೆ. ಆ ನಂಬಿಕೆ ಸುಮ್ನೆ ಒಂದು ಮೂಲೆಯಲ್ಲಿ ಕೂತಿರುವುದಿಲ್ಲ.

ಎರಿಕ್ ಉಲ್ಮನ್ ಮತ್ತು ಜೆಫ್ರಿ ಕೊಹೆನ್ 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಇಬ್ಬರು ಅಭ್ಯರ್ಥಿಗಳು, ಒಬ್ಬ ಗಂಡು, ಒಬ್ಬ ಹೆಣ್ಣು. ಒಬ್ಬರಿಗೆ ಒಳ್ಳೆಯ ಓದು ಇದೆ, ಇನ್ನೊಬ್ಬರಿಗೆ ಬೀದಿಯಲ್ಲಿ ಪಳಗಿದ ಅನುಭವ. ಓದು ಗಂಡಿನ ಕಡೆ ಇದ್ದಾಗ, ಈ ಹುದ್ದೆಗೆ ಓದು ಬಹಳ ಮುಖ್ಯ ಅಂತ ಆರಿಸುವವರಿಗೆ ಅನ್ನಿಸಿತು. ಅದೇ ಓದು ಹೆಣ್ಣಿನ ಕಡೆ ಹೋದಾಗ ಅದರ ಬೆಲೆ ಇಳಿಯಿತು. 'ಹೆಣ್ಣಾದ್ದರಿಂದ ಬೇಡ' ಅಂತ ಯಾರೂ ಅನ್ನಲಿಲ್ಲ. ತಕ್ಕಡಿಯ ಬಟ್ಟು ಬದಲಾಯಿಸಿದರು, ತೂಕ ತಾನಾಗಿ ಬೇಕಾದ ಕಡೆ ಬಂತು. ಇನ್ನೂ ಕೇಳಿ: ತಾನು ವಸ್ತುನಿಷ್ಠವಾಗಿ ತೀರ್ಮಾನಿಸಿದೆ ಅಂತ ಯಾರಿಗೆ ಹೆಚ್ಚು ಅನ್ನಿಸಿತೋ ಅವರಲ್ಲೇ ಈ ವಾಲು ಜಾಸ್ತಿ ಇತ್ತು. ಎರಡು ವರ್ಷದ ನಂತರ ಅವರೇ ಇನ್ನೊಂದು ಹೆಜ್ಜೆ ಹೋದರು. ಕೆಲವರಿಗೆ ಮೊದಲು 'ನನ್ನ ತೀರ್ಮಾನಗಳು ತರ್ಕದ ಮೇಲೆ ನಿಂತಿವೆ' ಅನ್ನುವ ಥರದ ಹೇಳಿಕೆಗಳನ್ನು ಕೊಟ್ಟು ಒಪ್ಪುತ್ತೀರಾ ಅಂತ ಕೇಳಿದರು. ಆಮೇಲೆ ತೂಗಿ ನೋಡಲು ಅರ್ಜಿ ಕೊಟ್ಟರು. ತಾರತಮ್ಯ ಹೆಚ್ಚಾಯಿತು.

ಯೋಚಿಸಿದರೆ ಇದು ವಿಚಿತ್ರವೇನಲ್ಲ. ನಾನು ನ್ಯಾಯವಾಗಿ ಯೋಚಿಸುವವನು ಅಂತ ಖಾತ್ರಿ ಇದ್ದರೆ, ತಲೆಗೆ ಬಂದದ್ದೆಲ್ಲ ನ್ಯಾಯವೇ ಆಗಿರಬೇಕು, ಅಲ್ವಾ? 'ಇವರು ಯಾಕೋ ಸರಿಹೋಗಲ್ಲ' ಅಂತ ಮನಸ್ಸಿಗೆ ಬಂತು. ಅನುಮಾನ ಇರುವವನು ಆ 'ಯಾಕೋ' ಅನ್ನುವ ಪದದ ಹತ್ತಿರ ನಿಲ್ಲುತ್ತಾನೆ. ಖಾತ್ರಿ ಇರುವವನು ದಾಟಿಕೊಂಡು ಹೋಗುತ್ತಾನೆ. ನಾನು ಆವತ್ತು ದಾಟಿಕೊಂಡು ಹೋದವನು.

ಪಕ್ಷಪಾತ ಅಂದರೆ ಒಂದು ಗುಂಪಿನವರು ಇನ್ನೊಂದು ಗುಂಪಿನವರಿಗೆ ಮಾಡುವ ಅನ್ಯಾಯ ಅಂತ ತಿಳಿದವರಿಗೆ ಒಂದು ಮಾತು. 2012ರಲ್ಲಿ ಅಮೆರಿಕದ 127 ವಿಜ್ಞಾನ ಪ್ರಾಧ್ಯಾಪಕರಿಗೆ ಒಂದೇ ಅರ್ಜಿ ಕಳಿಸಿದರು. ಅರ್ಧ ಜನರಿಗೆ ಜಾನ್ ಅನ್ನುವ ಹೆಸರಲ್ಲಿ, ಉಳಿದವರಿಗೆ ಜೆನ್ನಿಫರ್ ಹೆಸರಲ್ಲಿ. ಜಾನ್‌ಗೆ ಸೂಚಿಸಿದ ವರ್ಷದ ಸಂಬಳ ಸರಾಸರಿ 30,238 ಡಾಲರ್. ಜೆನ್ನಿಫರ್‌ಗೆ 26,508. ಇದರಲ್ಲಿ ಮಹಿಳಾ ಪ್ರಾಧ್ಯಾಪಕರಿಗೂ ಪುರುಷರಿಗೂ ವ್ಯತ್ಯಾಸ ಇರಲಿಲ್ಲ.

ಹಾಗಾದರೆ ಬುದ್ಧಿವಂತರು? 2012ರಲ್ಲೇ ರಿಚರ್ಡ್ ವೆಸ್ಟ್, ಕೀತ್ ಸ್ಟಾನೊವಿಚ್ ಮತ್ತು ಜೊತೆಗಾರರು ಅದನ್ನೂ ನೋಡಿದರು. ಬುದ್ಧಿ ಪರೀಕ್ಷೆಗಳಲ್ಲಿ ಮುಂದಿದ್ದವರಲ್ಲಿ ಈ ಕುರುಡು ಚುಕ್ಕೆ ಚಿಕ್ಕದಾಗಿರಲಿಲ್ಲ. ಸ್ವಲ್ಪ ದೊಡ್ಡದೇ ಇತ್ತು.

ವಿಷಯ ತಿಳಿದವರು? ಇಲ್ಲಿ ನನಗೆ ಒಂದು ಕುದುರೆಯ ನೆನಪಾಗುತ್ತದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬರ್ಲಿನ್‌ನಲ್ಲಿ ಹ್ಯಾನ್ಸ್ ಅನ್ನುವ ಕುದುರೆ ಲೆಕ್ಕ ಮಾಡುತ್ತದೆ ಅಂತ ಹೆಸರಾಗಿತ್ತು. ಕೂಡುವ ಲೆಕ್ಕ ಕೊಟ್ಟರೆ ಗೊರಸಿನಿಂದ ನೆಲ ಕುಟ್ಟಿ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಇದರ ಗುಟ್ಟು ಬಿಡಿಸಿದರು. ಪ್ರಶ್ನೆ ಕೇಳಿದವರು ಗೊರಸು ನೋಡಲು ತಲೆ ಸ್ವಲ್ಪ ಬಗ್ಗಿಸುತ್ತಾರೆ. ಸರಿಯಾದ ಎಣಿಕೆ ಬಂದ ಕೂಡಲೇ ತಮಗೇ ತಿಳಿಯದೆ ಕೂದಲೆಳೆಯಷ್ಟು ತಲೆ ಎತ್ತುತ್ತಾರೆ. ಕುದುರೆ ಅದನ್ನು ನೋಡಿ ನಿಲ್ಲಿಸುತ್ತದೆ. ಮಾಲೀಕ ಮೋಸಗಾರನಾಗಿರಲಿಲ್ಲ. ಅವನೂ ಕುದುರೆಯ ಲೆಕ್ಕವನ್ನು ನಂಬಿದ್ದ.

ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಮುಂದಿನ ತುಣುಕನ್ನು ಹೆಚ್ಚು ಜನ ಹೇಳುವುದಿಲ್ಲ. ಫುಂಗ್ಸ್ಟ್ ತಾವೇ ಕುದುರೆಯ ಮುಂದೆ ನಿಂತು ಪ್ರಶ್ನೆ ಕೇಳಿದರು. ಗುಟ್ಟು ಗೊತ್ತಿತ್ತು. ತಲೆ ಆಡಿಸಬಾರದು ಅಂತ ಗಟ್ಟಿ ಮನಸ್ಸು ಮಾಡಿದ್ದರು. ಆದರೂ ತಲೆ ಆಡುತ್ತಿತ್ತು. ಅದನ್ನು ಕಂಡುಹಿಡಿದ ಮನುಷ್ಯನಿಗೇ ಅದನ್ನು ತಡೆಯಲಾಗಲಿಲ್ಲ.

ನನ್ನದೂ ಒಂದು ಹೇಳಿಬಿಡುತ್ತೇನೆ. ಇಸ್ರೇಲಿನ ಪೆರೋಲ್ ನ್ಯಾಯಾಧೀಶರ ಬಗ್ಗೆ 2011ರಲ್ಲಿ ಬಂದ ಅಧ್ಯಯನ ನೀವು ಕೇಳಿರಬಹುದು. ಊಟದ ವಿರಾಮ ಮುಗಿಸಿ ಬಂದಾಗ ಸುಮಾರು 65 ಶೇಕಡಾ ಕೈದಿಗಳ ಪರ ತೀರ್ಪು, ವಿರಾಮ ಹತ್ತಿರ ಬಂದಂತೆ ಅದು ಸೊನ್ನೆಯ ಹತ್ತಿರ. ಹಸಿದ ನ್ಯಾಯಾಧೀಶರ ಕಥೆ. ಎಷ್ಟು ಸಭೆಗಳಲ್ಲಿ ನಾನು ಇದನ್ನು ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೋ! ಆದರೆ ಅದೇ ವರ್ಷ ಅದಕ್ಕೆ ಆಕ್ಷೇಪವೂ ಬಂದಿತ್ತು. ಪ್ರಕರಣಗಳ ಸರದಿ ಹೇಗೋ ಬಂದದ್ದಲ್ಲ, ವಕೀಲರಿಲ್ಲದ ಕೈದಿಗಳು ವಿರಾಮಕ್ಕೆ ಮುಂಚಿನ ಕೊನೆಯ ಸರದಿಯಲ್ಲಿ ಬರುತ್ತಿದ್ದರು, ಹಾಗಾಗಿ ಅಂಕಿಗಳಿಗೆ ಬೇರೆ ಕಾರಣ ಇರಬಹುದು ಅಂತ. ಆ ಆಕ್ಷೇಪವನ್ನು ನಾನು ಓದಿದ್ದೆ. ಓದಿ, 'ಸಣ್ಣಪುಟ್ಟ ತಕರಾರು' ಅಂತ ಪಕ್ಕಕ್ಕಿಟ್ಟು, ಕಥೆ ಮುಂದುವರಿಸಿದೆ. ನನಗೆ ಬೇಕಾದ ಕಥೆಯನ್ನು ಅದು ಕೆಡಿಸುತ್ತಿತ್ತಲ್ಲ. ಪಕ್ಷಪಾತದ ಬಗ್ಗೆ ಭಾಷಣ ಮಾಡುವವನ ಪಾಡು ಇದು.

ಇನ್ನು ಕಂಪ್ಯೂಟರಿನಲ್ಲಿ ಗುಂಡಿ ಒತ್ತಿಸಿ ಒಳಗಿನ ಒಲವು ಅಳೆಯುವ ಪರೀಕ್ಷೆ ಇದೆ. 1998ರಲ್ಲಿ ಗ್ರೀನ್‌ವಾಲ್ಡ್, ಬಾನಾಜಿ ಮೊದಲಾದವರು ಬಳಕೆಗೆ ತಂದದ್ದು. ಅದನ್ನು ಒಂದು ಸಲ ಮಾಡಿ ಅಂಕ ನೋಡಿ ಎದೆ ಒಡೆದುಕೊಳ್ಳಬೇಡಿ. ಇವತ್ತಿನ ಅಂಕ, ಮುಂದಿನ ತಿಂಗಳಿನ ಅಂಕ ಸಾಕಷ್ಟು ಬೇರೆ ಬರುತ್ತದೆ. ಒಬ್ಬ ವ್ಯಕ್ತಿ ಮುಂದೆ ಹೇಗೆ ನಡೆದುಕೊಳ್ಳುತ್ತಾನೆ ಅಂತ ಅದರಿಂದ ಹೇಳುವುದು ಕಷ್ಟ. ಅಂಕ ಚೆನ್ನಾಗಿ ಬಂದರೆ 'ನೋಡಿ, ನಾನು ಶುದ್ಧ' ಅಂತ ಸರ್ಟಿಫಿಕೇಟ್ ಸಿಕ್ಕ ಹಾಗಾಗುತ್ತದೆ. ಅದು ನನಗೆ ಇನ್ನೂ ಹೆಚ್ಚಿನ ಭಯ.

ಹಾಗಾದರೆ ಏನು ಮಾಡುವುದು? ಈ ಪ್ರಶ್ನೆಗೆ ಮನಶ್ಶಾಸ್ತ್ರಕ್ಕಿಂತ ಮೊದಲೇ ಕಾನೂನು ಒಂದು ದಾರಿ ಹಿಡಿದಿತ್ತು. 1923ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಒಬ್ಬ ಮೋಟಾರ್ ಸೈಕಲ್ ಸವಾರನ ಮೇಲೆ ಅಪಘಾತದ ಪ್ರಕರಣ ನಡೆಯಿತು. ತೀರ್ಪಿನ ಬಗ್ಗೆ ಮಾತಾಡಲು ಮ್ಯಾಜಿಸ್ಟ್ರೇಟರು ಒಳಗೆ ಹೋದಾಗ ನ್ಯಾಯಾಲಯದ ಗುಮಾಸ್ತನೂ ಜೊತೆಗೆ ಹೋದ. ಆ ಗುಮಾಸ್ತನಿದ್ದ ವಕೀಲರ ಕಂಪನಿಯೇ ಅದೇ ಅಪಘಾತದಲ್ಲಿ ಎದುರು ಪಕ್ಷದ ಪರಿಹಾರದ ಕೇಸು ನಡೆಸುತ್ತಿತ್ತು. ಮೇಲ್ಮನವಿ ಬಂದಾಗ ಮ್ಯಾಜಿಸ್ಟ್ರೇಟರು, 'ನಾವು ಅವನನ್ನು ಏನೂ ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ' ಅಂತ ಪ್ರಮಾಣ ಮಾಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಹ್ಯೂವರ್ಟ್ ಆ ಪ್ರಮಾಣವನ್ನು ಅನುಮಾನಿಸಲಿಲ್ಲ. ಆದರೂ ತೀರ್ಪನ್ನು ರದ್ದು ಮಾಡಿದರು. ನ್ಯಾಯ ನಡೆದರೆ ಸಾಲದು, ನಡೆದದ್ದು ಕಾಣಬೇಕು ಅನ್ನುವ ಪ್ರಸಿದ್ಧ ಮಾತು ಬಂದದ್ದು ಅಲ್ಲಿಂದ. ನನಗೆ ಹಿಡಿಸುವುದು ಆ ಮಾತಿಗಿಂತ ಅವರು ಮಾಡಿದ ಕೆಲಸ. ನಿಮ್ಮೊಳಗೆ ಏನಿತ್ತು ಅಂತ ಅವರು ಕೇಳಲೇ ಇಲ್ಲ. ಆ ಕೋಣೆಯಲ್ಲಿ ಯಾರಿದ್ದರು ಅಂತ ನೋಡಿದರು.

ಕೆಲಸಕ್ಕೆ ಬರುವ ಉಪಾಯಗಳೆಲ್ಲ ಈ ಜಾತಿಯವೇ. ಉಲ್ಮನ್ ಮತ್ತು ಕೊಹೆನ್ ಪ್ರಯೋಗದಲ್ಲೇ, ಅಭ್ಯರ್ಥಿ ಗಂಡೋ ಹೆಣ್ಣೋ ತಿಳಿಯುವ ಮೊದಲು 'ಯಾವ ಗುಣ ಎಷ್ಟು ಮುಖ್ಯ' ಅಂತ ಬರೆದುಕೊಟ್ಟವರಲ್ಲಿ ತಾರತಮ್ಯ ಕಾಣಲಿಲ್ಲ. ಬಟ್ಟನ್ನು ಮೊದಲೇ ತಕ್ಕಡಿಗೆ ಹಾಕಿಬಿಟ್ಟರು. ಕೆಲವು ಬೆರಳಚ್ಚು ಪ್ರಯೋಗಾಲಯಗಳಲ್ಲಿ ಈಗ ಮಸುಕು ಅಚ್ಚಿನಲ್ಲಿ ಏನು ಕಾಣುತ್ತದೆ ಅಂತ ಮೊದಲು ಗುರುತು ಮಾಡಿಟ್ಟು, ಆಮೇಲೆ ಶಂಕಿತನ ಅಚ್ಚು ತೆರೆಯುತ್ತಾರೆ. ವಾದ್ಯವೃಂದಗಳ ಆಯ್ಕೆಯಲ್ಲಿ ನುಡಿಸುವವರನ್ನು ಪರದೆಯ ಹಿಂದೆ ಕೂರಿಸುತ್ತಾರೆ. ಹಿಮ್ಮಡಿಯ ಸದ್ದು ಕೇಳಬಾರದು ಅಂತ ನೆಲಕ್ಕೆ ಜಮಖಾನ ಹಾಸಿದವರೂ ಇದ್ದಾರೆ. ಆ ಜಮಖಾನ ಹಾಸಿದವರಿಗೆ ನನ್ನ ನಮಸ್ಕಾರ. ತಮ್ಮ ಕಿವಿಯ ಬಗ್ಗೆ ಅವರಿಗೆ ಸರಿಯಾದ ಅಂದಾಜಿತ್ತು.

ಆದರೆ ಪರದೆ ಕಟ್ಟಲು ಯಾರಿಗೂ ಇಷ್ಟ ಇರುವುದಿಲ್ಲ. 2014ರಲ್ಲಿ ಪ್ರೋನಿನ್ ಮತ್ತು ಜೊತೆಗಾರರು ಜನರಿಗೆ ಚಿತ್ರಕಲೆ ತೋರಿಸಿ ಅಂಕ ಕೇಳಿದರು. ಕೆಲವರಿಗೆ ಅಂಕ ಕೊಡುವ ಮೊದಲು ಕಲಾವಿದನ ಹೆಸರು ನೋಡಲು ಹೇಳಿದರು. ಹೆಸರು ನೋಡಿ ಅಂಕ ಕೊಡುವುದು ಪಕ್ಷಪಾತದ ದಾರಿ ಅಂತ ಅವರೇ ಒಪ್ಪಿದರು. ದೊಡ್ಡ ಹೆಸರಿದ್ದ ಚಿತ್ರಗಳಿಗೆ ಜಾಸ್ತಿ ಅಂಕವನ್ನೂ ಕೊಟ್ಟರು. ಕೊನೆಗೆ ಕೇಳಿದರೆ, 'ನಾನು ಕೊಟ್ಟ ಅಂಕ ನಿಷ್ಪಕ್ಷಪಾತವಾದದ್ದೇ' ಅಂದರು.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: 'ಸರ್, ಹಾಗಾದ್ರೆ ಮನಸ್ಸಾಕ್ಷಿಗೆ ಬೆಲೆನೇ ಇಲ್ವಾ?' ಒಳ್ಳೆಯ ಪ್ರಶ್ನೆ. ನಾನು ಬೇಕೆಂದೇ ಕೆಟ್ಟದ್ದು ಮಾಡಿದ್ದರೆ ಅದು ನನಗೆ ಹೇಳುತ್ತದೆ, ರಾತ್ರಿ ನಿದ್ದೆಯನ್ನೂ ಕೆಡಿಸುತ್ತದೆ. ಆ ಕೆಲಸಕ್ಕೆ ಅದು ಬೇಕು. ನನ್ನ ತೀರ್ಮಾನ ಎಲ್ಲಿಂದ ಹುಟ್ಟಿತು ಅಂತ ಮಾತ್ರ ಅದಕ್ಕೆ ಗೊತ್ತಿಲ್ಲ, ಆ ವಿಷಯದಲ್ಲಿ ಅದನ್ನು ಸಾಕ್ಷಿಗೆ ಕರೆಯಬೇಡಿ ಅಂದೆ. ಅವರಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಇನ್ನೊಬ್ಬರು, ನೋಟ್‌ಬುಕ್ ಸಿಕ್ಕ ಮೇಲೆ ನೀವು ಬದಲಾದಿರಾ ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಮೊನ್ನೆ ಮತ್ತೊಂದು ಆಯ್ಕೆ ಸಮಿತಿಯಲ್ಲಿ ಕೂತಿದ್ದೆ. ನಾನೇ ಹಟ ಹಿಡಿದು ಅರ್ಜಿಗಳ ಮೇಲಿನ ಹೆಸರು, ಕಾಲೇಜು ಎಲ್ಲಕ್ಕೂ ಕಪ್ಪು ಮಸಿ ಬಳಿಸಿದ್ದೆ. ಯಾವುದಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದು ಎಲ್ಲರೂ ಸಹಿ ಮಾಡಿದ್ದೆವು. ಮೂರನೇ ಅರ್ಜಿ ಬಹಳ ಚೆನ್ನಾಗಿತ್ತು. ಓದುತ್ತಾ ಓದುತ್ತಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದೆ, ಮಸಿಯ ಕೆಳಗಿನ ಅಕ್ಷರ ಕಾಣುತ್ತದೇನೋ ಅಂತ. ಯಾವಾಗ ಎತ್ತಿ ಹಿಡಿದೆನೋ ನನಗೇ ಗೊತ್ತಿಲ್ಲ.

'ಏನ್ ನೋಡ್ತಿದ್ದೀರಿ ಸರ್?' ಅಂದರು ಪಕ್ಕದಲ್ಲಿದ್ದ ಸಹೋದ್ಯೋಗಿ.

'ಏನಿಲ್ಲ' ಅಂದೆ. ಆಮೇಲೆ ಆ ಹಾಳೆಯನ್ನು ಅವರ ಕಡೆ ಸರಿಸಿದೆ.